ಜಾರಿಸಿದ ದನಿ

ಮೇ 28

ದೊಡ್ಡಮ್ಮ,

ಸ್ಟುಡಿಯೋದ ಹೆಸರಿರುವ ಲಕೋಟೆ ಕಂಡರೆ ನೀವು ಒಡೆಯದೆ ಒಲೆಗೆ ಹಾಕುತ್ತೀರಿ ಎಂದು ಅಂಗಡಿಯಿಂದ ಬೇರೆ ಲಕೋಟೆ ತಂದು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಸ್ಟುಡಿಯೋದಲ್ಲಿ ಅಪ್ಪನ ಕಿವಿ, ಮನೆಯಲ್ಲಿ ಅಮ್ಮನ ಕಿವಿ. ನಿಮ್ಮ ಜೊತೆ ಮಾತಾಡಿದ್ದು ಗೊತ್ತಾದರೆ ಇಬ್ಬರೂ ಸೇರಿ ನನ್ನ ಕಿವಿ ಹಿಂಡುತ್ತಾರೆ.

ವಿಷಯ ಇದು. ನಿಮ್ಮೂರಿನ ಸಭಾಂಗಣದಲ್ಲಿ ನಾಟಕ ಸಂಘದ ಗುಡುಗಜ್ಜ ಕೊನೆಯ ಸಲ ಒಬ್ಬರೇ ಆಡಿದ ನಾಟಕವನ್ನು ಅಪ್ಪ ಶೂಟ್ ಮಾಡಿದ್ದರಲ್ಲ, ಚಿತ್ರ ತುಂಬ ಚೆನ್ನಾಗಿ ಬಂದಿದೆ. ಸೌಂಡ್ ಹಾಳಾಗಿದೆ. ತಾಲೀಮಿನಲ್ಲಿ ಅಜ್ಜ ಮೆಲ್ಲಗೆ ಗೊಣಗಿದ್ದನ್ನು ಕೇಳಿ ಅಪ್ಪ ಅವರ ಎದೆಯ ಮೈಕಿನ ಮಟ್ಟ ಏರಿಸಿ ಇಟ್ಟಿದ್ದರಂತೆ. ನಾಟಕದಲ್ಲಿ ಅಜ್ಜ ಹೆಸರಿಗೆ ತಕ್ಕ ಹಾಗೆ ಗುಡುಗಿದರು. ದೊಡ್ಡ ಮಾತು ಬಂದಲ್ಲೆಲ್ಲ ದನಿ ಹಳೇ ಬಟ್ಟೆಯ ಹಾಗೆ ಪರ್ರನೆ ಹರಿದಿದೆ. ಕ್ಯಾಮೆರಾದ ಸ್ವಂತ ಮೈಕಿನಲ್ಲಿ ಫ್ಯಾನಿನ ಸದ್ದು, ಮುಂದಿನ ಸಾಲಿನವರ ಕೆಮ್ಮು. ಅಜ್ಜ ಬಾವಿಯೊಳಗಿಂದ ಮಾತಾಡಿದ ಹಾಗಿದೆ.

ಇನ್ನೊಮ್ಮೆ ಆಡಿಸುವ ಹಾಗಿಲ್ಲ. ಅದಾದ ಮೇಲೆ ಅಜ್ಜನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿದೆ. ಆಗಸ್ಟಿನಲ್ಲಿ ಅವರ ಹುಟ್ಟಿದ ದಿನಕ್ಕೆ ಎಲ್ಲರನ್ನೂ ಕರೆದು ಇದನ್ನು ತೋರಿಸಬೇಕೆಂದು ಅವರ ಮಗಳ ಆಸೆ. ಆ ಮಗಳೇ ನನಗೆ ಹೇಳಿದ್ದು, ನೀವು ಅವತ್ತು ಸಭಾಂಗಣದಲ್ಲಿ ನಿಮ್ಮ ರೆಕಾರ್ಡರು ಮಡಿಲಲ್ಲಿಟ್ಟುಕೊಂಡು ಕೂತಿದ್ದಿರಿ ಎಂದು.

ಆ ದನಿ ನಿಮ್ಮ ಹತ್ತಿರ ಇದ್ದರೆ ಕಳಿಸಿಕೊಡಿ ದೊಡ್ಡಮ್ಮ. ಅಪ್ಪನಿಗೋಸ್ಕರ ಅಲ್ಲ, ಅಜ್ಜನಿಗೋಸ್ಕರ.

ಚೂಟಿ


ಜೂನ್ 4

ಚೂಟಿ,

ಒಲೆಗೆ ಹಾಕಲಿಲ್ಲ. ಎರಡು ಸಲ ಓದಿದೆ. ಮೊದಲನೆಯ ಸಲ ನಿನಗೋಸ್ಕರ, ಎರಡನೆಯ ಸಲ ‘ಸೌಂಡ್ ಹಾಳಾಗಿದೆ’ ಎಂಬ ಆ ಒಂದು ಸಾಲಿಗೋಸ್ಕರ. ಆಮೇಲೆ ಚಹಾ ಮಾಡಿಕೊಂಡು ಕುಡಿದೆ. ಸಕ್ಕರೆ ಹಾಕುವುದನ್ನು ಮರೆತಿದ್ದೆ, ಆದರೂ ಸಿಹಿಯಾಗಿತ್ತು.

ಹೌದು, ನಾನಿದ್ದೆ. ಅಜ್ಜನೇ ಕರೆದಿದ್ದರು. “ನಿನ್ನ ಡಬ್ಬಿ ತಗೊಂಡು ಬಾ, ನೀನು ಕೇಳಿಸ್ಕೊಂಡ್ರೆ ನನಗೊಂದು ಧೈರ್ಯ” ಅಂದರು. ರಂಗದ ಅಂಚಿನಲ್ಲಿ ಹೂಕುಂಡದ ಹಿಂದೆ ನನ್ನ ಮೈಕು ಇಡಲು ಅವರೇ ಜಾಗ ತೋರಿಸಿದರು. ನಿಮ್ಮಪ್ಪ ನನ್ನನ್ನು ನೋಡಿಯೂ ನೋಡದವನ ಹಾಗೆ ಸ್ಟ್ಯಾಂಡಿನ ತಿರುಪು ಬಿಗಿಮಾಡುತ್ತಿದ್ದ. ಬಿಗಿಯಾಗಿದ್ದ ತಿರುಪನ್ನೇ ಮತ್ತೆ ಮತ್ತೆ ಬಿಗಿಮಾಡುತ್ತಿದ್ದ.

ತಾಲೀಮಿಗೂ ನಾನು ಅಲ್ಲೇ ಇದ್ದೆ. ಗುಡುಗಜ್ಜ ತಾಲೀಮಿನಲ್ಲಿ ಬಾಯಿ ಬಿಡುವವರೇ ಅಲ್ಲ. ದನಿಯನ್ನು ಗಂಟುಕಟ್ಟಿ ಇಟ್ಟುಕೊಂಡು, ಜನ ಬಂದು ಕೂತ ಮೇಲೆ ಬಿಚ್ಚುವವರು. ಅವರ ಜೊತೆ ಒಂದು ಸಲ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ನಿಮ್ಮಪ್ಪ ಗುಂಡಿ ಏರಿಸಿ “ಹಾಂ, ಸರಿ ಇದೆ” ಅಂದಾಗ, “ಇಳಿಸೋ ಪುಣ್ಯಾತ್ಮ” ಎನ್ನಲು ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಹಾಕಿಕೊಂಡು ಮುಚ್ಚಿದೆ. ನಾಟಕ ಮುಗಿಯುವವರೆಗೂ ಅದನ್ನು ಚೀಪಿದೆ. ಅಷ್ಟು ರುಚಿಯಾದ ಪೆಪ್ಪರ್‌ಮಿಂಟ್ ನಾನು ತಿಂದಿಲ್ಲ.

ಯಾಕೆ ಎಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆದಷ್ಟೂ ನನಗೆ ಹಿತ.

ನಿಮ್ಮ ದೊಡ್ಡಪ್ಪ ಕ್ಯಾಮೆರಾ ಹಿಡಿಯುತ್ತಿದ್ದರು, ನಾನು ಮೈಕು. ನನಗೆ ಯಾರೂ ಕಲಿಸಲಿಲ್ಲ, ಹಾಳುಮಾಡಿ ಹಾಳುಮಾಡಿ ಕಲಿತೆ. ನನ್ನದೊಂದು ಪದ್ಧತಿ. ಕ್ಯಾಮೆರಾ ಶುರುವಾಗುವ ಮೊದಲೇ ರೆಕಾರ್ಡರು ಶುರು ಮಾಡುತ್ತಿದ್ದೆ, ಕ್ಯಾಮೆರಾ ನಿಂತ ಮೇಲೂ ಸ್ವಲ್ಪ ಹೊತ್ತು ನಿಲ್ಲಿಸುತ್ತಿರಲಿಲ್ಲ. ಅದಕ್ಕೆ ಪ್ರತಿಯೊಂದು ಕೆಲಸದ ತಲೆಯಲ್ಲೂ ಬಾಲದಲ್ಲೂ ನಿಮ್ಮ ದೊಡ್ಡಪ್ಪನ ಮಾತು. “ಏನಮ್ಮಾ, ಕಿವಿ ತೆರೆದಿದ್ದೀಯಾ?” ಎಂದು ಕೇಳುವುದು, ಲೆನ್ಸಿನ ಮುಂದೆ ಕೈ ಚಾಚಿ ಒಂದು ಚಪ್ಪಾಳೆ ತಟ್ಟುವುದು. ಚಿತ್ರದಲ್ಲಿ ಕೈಗೆ ಕೈ ತಾಗಿದಲ್ಲಿ ದನಿಯ ‘ಚಟ್’ ಕೂರಿಸಿದರೆ ಮುಂದಿನದೆಲ್ಲ ತುಟಿಗೆ ತಾನಾಗಿ ಕೂರುತ್ತದೆ. ಕೂತ ಮೇಲೆ ಆ ತಲೆ ಬಾಲ ಕತ್ತರಿಸಿ, ಕ್ಯಾಮೆರಾದ ಸೊರಗಿದ ದನಿಯನ್ನೂ ತೆಗೆದುಹಾಕಿ ಗಿರಾಕಿಗಳಿಗೆ ಕೊಡುತ್ತಿದ್ದೆವು. ಕತ್ತರಿಸದ ಇಡೀ ದನಿ ಮಾತ್ರ ಸ್ಟುಡಿಯೋದ ಬೀರುವಿನಲ್ಲಿ, ಡಿಸ್ಕುಗಳಲ್ಲಿ. ಕ್ಯಾಮೆರಾ ಹಿಡಿದವರು ಯಾವ ಚಿತ್ರದಲ್ಲೂ ಇರುವುದಿಲ್ಲ ಮಗಳೇ. ನನ್ನ ಗಂಡ ಇದ್ದದ್ದು ಆ ಬೀರುವಿನಲ್ಲಿ ಮಾತ್ರ.

ಅವರು ಹೋದ ಮೇಲೆ ನಾನು ಡಿಸ್ಕು ಕೇಳಲು ಬಂದಾಗ ನಿಮ್ಮಪ್ಪ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತಾ ಹೇಳಿದ, “ಅಯ್ಯೋ ಅತ್ತಿಗೆ, ಅದನ್ನೆಲ್ಲಾ ಅಳಿಸ್ಬಿಟ್ನಲ್ಲ. ಮದುವೆ ಕೆಲಸ ಬಂದಿತ್ತು, ಜಾಗ ಬೇಕಿತ್ತು. ಚಿತ್ರ ಇಲ್ಲದ ಸೌಂಡು ಯಾರಿಗೆ ಬೇಕು ಹೇಳಿ?” ಆಮೇಲೆ, “ಈಗ ಕ್ಯಾಮೆರಾದಲ್ಲೇ ಮೈಕ್ ಇರುತ್ತೆ, ನೀವು ಇನ್ನು ಬರೋದು ಬೇಡ” ಎಂದೂ ಸೇರಿಸಿದ. ನಿಮ್ಮ ದೊಡ್ಡಪ್ಪ ಇನ್ನಿಲ್ಲ ಎಂದು ಆಸ್ಪತ್ರೆಯವರು ಒಮ್ಮೆ ಹೇಳಿದ್ದರು. ಇವನು ಎರಡನೆಯ ಸಲ ಹೇಳಿದ.

ಅವನಿಗೆ ಚಿತ್ರ ಇಲ್ಲದ ಸೌಂಡು ಬೇಡವಾಗಿತ್ತು. ಈಗ ಸೌಂಡಿಲ್ಲದ ಚಿತ್ರ ಮುಂದಿಟ್ಟುಕೊಂಡು ಕೂರಲಿ. ಕೊಡುವುದಿಲ್ಲ.

ನಿನ್ನ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂರಬೇಡ, ನನ್ನ ಹಾಗೆ ಆಗುತ್ತೀಯ.

ನಿನ್ನ ದೊಡ್ಡಮ್ಮ


ಜೂನ್ 13

ದೊಡ್ಡಮ್ಮ,

ನಿಮ್ಮ ಕಾಗದ ಓದಿದೆ. ಆ ಡಿಸ್ಕುಗಳಲ್ಲಿ ದೊಡ್ಡಪ್ಪನ ದನಿ ಇತ್ತೆಂದು ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ. ಅಪ್ಪನಿಗೆ ಸೌಂಡ್ ಎಂದರೆ ಅಷ್ಟಕ್ಕಷ್ಟೆ, ನಿಮಗೇ ಗೊತ್ತಲ್ಲ. ಕೇಳದೆ ಅಳಿಸಿರುತ್ತಾರೆ.

ಇಲ್ಲಿ ಈಗ ಏನಾಗುತ್ತಿದೆ ಗೊತ್ತೆ? ಅಜ್ಜನ ತುಟಿ ಕಾಣುವಲ್ಲೆಲ್ಲ ಪರದೆಯ ಚಿತ್ರ, ಜನ ಕೂತಿರುವ ಚಿತ್ರ ಅಂಟಿಸಿ, ಬೇರೆ ಯಾರಿಂದಲೋ ಆ ಮಾತುಗಳನ್ನು ಹೇಳಿಸಿ ಸೇರಿಸುವುದು ಅಪ್ಪನ ಯೋಚನೆ. ನಿನ್ನೆ ಒಬ್ಬರನ್ನು ಕರೆಸಿದ್ದರು. ಅವರು ಅಜ್ಜನ ಹಾಗೆ ಗುಡುಗಲು ಹೋಗಿ ಸೀನಿದರು. ನಗು ಬರಬೇಕಿತ್ತು, ಅಳು ಬಂತು.

ಅಜ್ಜನ ತುಟಿಗೆ ಪರದೆ ಹಾಕಿಸಬೇಡಿ.

ಚೂಟಿ


ಜುಲೈ 2

ನನ್ನ ಬಂಗಾರ,

ತಡವಾಯಿತು, ಕ್ಷಮಿಸು. ಮಂಡಿನೋವು, ಕರೆಂಟಿನ ತಾಪತ್ರಯ, ಮತ್ತೆ ಸ್ವಲ್ಪ ಮನಸ್ಸಿನ ತಾಪತ್ರಯ. ಕೂತು ಯೋಚಿಸಿದೆ. ನಾನು ಎಷ್ಟು ದಿನ ಹೀಗೆ ಹಲ್ಲು ಕಡಿಯಲಿ? ಹಲ್ಲಾದರೂ ಎಷ್ಟು ಉಳಿದಿವೆ? ನಿಮ್ಮಪ್ಪ ಎಷ್ಟೆಂದರೂ ನನ್ನ ಮೈದುನ. ನಾನು ಮದುವೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ನನ್ನ ಹಿಂದೆ ಹಿಂದೆ ಸುತ್ತುತ್ತಿದ್ದವನು.

ಇದರ ಜೊತೆಗಿರುವ ಕಾರ್ಡಿನಲ್ಲಿ ನಾಟಕದ ಪೂರ್ತಿ ದನಿ ಇದೆ. ಗಿರಾಕಿಗೆ ಕೊಡುವ ಹಾಗೆ ಸ್ವಲ್ಪ ಒರೆಸಿ ತೊಳೆದು ಇಟ್ಟಿದ್ದೇನೆ. ಅಜ್ಜ ಬಂದ ಕೂಡಲೇ ಕೋಲಿನಿಂದ ನೆಲಕ್ಕೆ ಒಂದು ಕುಟ್ಟುತ್ತಾರಲ್ಲ, ಅದೇ ನಮ್ಮ ಚಪ್ಪಾಳೆ. ಕೋಲು ನೆಲ ಮುಟ್ಟುವ ಚಿತ್ರಕ್ಕೆ ಆ ‘ಠಕ್’ ಕೂರಿಸಲು ನಿಮ್ಮಪ್ಪನಿಗೆ ಹೇಳು. ಮೊದಲ ನಾಲ್ಕು ಮಾತು ತುಟಿಗೆ ಕೂತರೆ ಸಾಕು, ಕೆಲಸ ಮುಗಿದ ಹಾಗೆ. ಕ್ಯಾಮೆರಾವೂ ನಿಂತಿಲ್ಲ, ನನ್ನ ರೆಕಾರ್ಡರೂ ನಿಂತಿಲ್ಲ, ನಡುವೆ ಎಲ್ಲೂ ಮುಟ್ಟುವ ಅಗತ್ಯವಿಲ್ಲ. ಅವನು ಹೇಗೂ ಮೊದಲ ಮಾತು ಕೂತ ಕೂಡಲೇ ಚಹಾಕ್ಕೆ ಎದ್ದುಹೋಗುವವನು. ಹೋಗಲಿ, ಆರಾಮಾಗಿ ಕುಡಿಯಲಿ.

ನೀನು ಇದರಲ್ಲಿ ಕೈ ಹಾಕಬೇಡ. ಅವನ ಕೆಲಸ ಅವನೇ ಮಾಡಲಿ. ದನಿ ಕೊಟ್ಟದ್ದು ನಾನು ಎಂದೂ ಹೇಳಬೇಡ, ಸಭಾಂಗಣದವರ ಹತ್ತಿರ ಇತ್ತು ಎನ್ನು. ನನಗೆ ಹೆಸರು ಗಿಸರು ಬೇಡ.

ಪ್ರೀತಿಯಿಂದ,
ದೊಡ್ಡಮ್ಮ


ಜುಲೈ 10

ದೊಡ್ಡಮ್ಮ,

ಕಾರ್ಡು ಬಂತು. ಹೆಡ್‌ಫೋನು ಹಾಕಿಕೊಂಡು ಅಜ್ಜನ ಮೊದಲ ಮಾತು ಕೇಳಿದಾಗ ನಿಮ್ಮ ಕಾಲಿಗೆ ಬೀಳಬೇಕೆನಿಸಿತು. ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಕೋಲಿನ ‘ಠಕ್’ ಕೂರಿಸಿದೆ. ಮೊದಲ ಮಾತು ತುಟಿಗೆ ಅಂಟಿದ ಹಾಗೆ ಕೂತಿತು.

ಈಗ ಒಂದು ವಿಷಯ. ಇಷ್ಟು ದಿನ ಹೇಳಿರಲಿಲ್ಲ. ಈ ಚಿತ್ರವನ್ನು ಜೋಡಿಸುತ್ತಿರುವುದು ಅಪ್ಪ ಅಲ್ಲ, ನಾನು. ಪೂರ್ತಿ ನಾನೇ. “ಇದೊಂದನ್ನು ನೀನೇ ಮುಗಿಸು, ಕೊನೆಯಲ್ಲಿ ನಿನ್ನ ಹೆಸರು ಹಾಕುತ್ತೇನೆ, ಚೆನ್ನಾಗಿ ಬಂದರೆ ಸ್ಟುಡಿಯೋ ನಿನ್ನ ಕೈಗೆ, ಇಲ್ಲದಿದ್ದರೆ ಅಮ್ಮ ಹುಡುಕಿದ ಆ ಬ್ಯಾಂಕಿನ ಕೆಲಸಕ್ಕೆ ಬಾಯಿಮುಚ್ಚಿಕೊಂಡು ಹೋಗು” ಎಂದಿದ್ದಾರೆ. ಮೊದಲೇ ಹೇಳಿದ್ದರೆ ನೀವು ನನ್ನ ಮೇಲಿನ ಮಮಕಾರಕ್ಕೆ ಕೊಟ್ಟ ಹಾಗಾಗುತ್ತಿತ್ತು. ಅಜ್ಜನಿಗೋಸ್ಕರ ಕೊಡುತ್ತೀರೋ ಇಲ್ಲವೋ ನೋಡಬೇಕಿತ್ತು.

ಜುಲೈ 24ಕ್ಕೆ ಅಜ್ಜನ ಮಗಳು ಮತ್ತು ನಾಟಕ ಸಂಘದ ಹಿರಿಯರು ಸ್ಟುಡಿಯೋಗೆ ಬಂದು ಮೊದಲು ನೋಡುತ್ತಾರೆ. ಆಗಸ್ಟಿನಲ್ಲಿ ಎಲ್ಲರಿಗೂ. ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರಂತೆ.

ಇನ್ನೇನಾದರೂ ನನಗೆ ಹೇಳುವುದಿದೆಯೇ ದೊಡ್ಡಮ್ಮ?

ಚೂಟಿ


ಜುಲೈ 14

ಚೂಟಿ, ಮಗಳೇ,

ಮೊದಲು ಕೈಯಲ್ಲಿರುವ ಕೆಲಸ ನಿಲ್ಲಿಸು. ನಿಲ್ಲಿಸಿದೆಯಾ? ಈಗ ಓದು.

ಆ ಕಾರ್ಡಿನ ದನಿ ಸರಿಯಿಲ್ಲ. ನಾನೇ ಕೆಡಿಸಿ ಕಳಿಸಿದ್ದೇನೆ. ಕಂಪ್ಯೂಟರಿನಲ್ಲಿ ಹಾಕಿ ಒಂದು ಕೂದಲೆಳೆಯಷ್ಟು ಹಿಗ್ಗಿಸಿದ್ದೇನೆ, ಹಳೇ ಸ್ವೆಟರಿನ ತೋಳು ಎಳೆದ ಹಾಗೆ. ಕಿವಿಗೆ ಏನೂ ಗೊತ್ತಾಗುವುದಿಲ್ಲ. ಮೊದಲ ಕೆಲವು ಮಾತು ತುಟಿಗೆ ಕೂರುತ್ತವೆ. ಆಮೇಲೆ ಮೆಲ್ಲಗೆ ಜಾರುತ್ತದೆ. ಕೊನೆಯ ಹೊತ್ತಿಗೆ ಅಜ್ಜ ಬಾಯಿ ಮುಚ್ಚಿರುತ್ತಾರೆ, ಮಾತು ಇನ್ನೂ ಬರುತ್ತಿರುತ್ತದೆ. ಇದು ನಿಮ್ಮಪ್ಪನಿಗೆ ಇಟ್ಟ ಗುನ್ನ. ಕೊನೆಯವರೆಗೆ ನೋಡುವ ಜಾಯಮಾನ ಅವನದಲ್ಲ. ತುಂಬಿದ ಸಭೆಯಲ್ಲಿ ಎಲ್ಲರ ಮುಂದೆ ಅವನ ಮುಖ ಇಂಗು ತಿಂದ ಮಂಗನಂತಾಗಬೇಕು, ಅದನ್ನು ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಬೇಕು ಎಂದು ಲೆಕ್ಕ ಹಾಕಿದ್ದೆ. ಸೀರೆಯನ್ನೂ ಆರಿಸಿ ಇಟ್ಟಿದ್ದೆ.

ಆ ಗುನ್ನಕ್ಕೆ ನೀನು ಬಂದು ಕೊರಳು ಕೊಟ್ಟಿದ್ದೀಯ ಎಂದು ಯಾರಿಗೆ ಗೊತ್ತಿತ್ತು! ಮೊದಲೇ ಒಂದು ಮಾತು ಹೇಳಬಾರದಿತ್ತೇನೇ ಹುಡುಗಿ? ಅಜ್ಜ ಗಾಲಿಕುರ್ಚಿಯಲ್ಲಿ ಕೂತು ತನ್ನ ಬಾಯಿಯೂ ತನ್ನ ಮಾತೂ ಬೇರೆ ಬೇರೆಯಾಗುವುದನ್ನು ನೋಡುವ ಚಿತ್ರ ಕಣ್ಣಮುಂದೆ ಬಂತು. ಸಿಟ್ಟಿನಲ್ಲಿ ನನಗೆ ಅವರೂ ಕಾಣಲಿಲ್ಲ, ನೀನೂ ಕಾಣಲಿಲ್ಲ.

ಸರಿಯಾದ ಕಾರ್ಡು ಇದರ ಜೊತೆಗಿದೆ. ಕೊರಿಯರಿನವನ ಎದುರು ನಿಂತು, ಅವನು ಚೀಲಕ್ಕೆ ಹಾಕುವವರೆಗೂ ಕಾದು ಬರುತ್ತೇನೆ. ಹಳೆಯದನ್ನು ಮುರಿದು ಹಾಕು.

ನಿಮ್ಮಪ್ಪನ ಮೇಲಿನ ಸಿಟ್ಟು ಮಾತ್ರ ಇದ್ದ ಹಾಗೇ ಇದೆ. ಅದನ್ನು ಇಡಲು ಬೇರೆ ಜಾಗ ಹುಡುಕಬೇಕು.

ದೊಡ್ಡಮ್ಮ


ಜುಲೈ 27

ದೊಡ್ಡಮ್ಮ,

ಕೊರಿಯರು ಸರಿಯಾದ ಹೊತ್ತಿಗೆ ಬಂತು. ಆದರೆ ಬೇಕಿರಲಿಲ್ಲ.

ನನಗೆ ಮೊದಲ ದಿನವೇ ಗೊತ್ತಾಗಿತ್ತು. ನಾನು ಶಾಲೆಗೆ ಹೋಗುತ್ತಿದ್ದಾಗ ರಜೆಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಹೇಳಿಕೊಟ್ಟದ್ದು ಮರೆತಿರಾ? “ತಲೆ ಕೂರಿಸೋದು ಯಾರಿಗಾದ್ರೂ ಬರುತ್ತೆ ಕಣೇ, ನೀನು ಹೋಗಿ ಬಾಲ ನೋಡು” ಎನ್ನುತ್ತಿದ್ದಿರಿ. ಕೋಲಿನ ‘ಠಕ್’ ಕೂರಿಸಿ ನೇರ ಕೊನೆಯ ಅಂಕಕ್ಕೆ ಹೋದೆ. ಅಜ್ಜ ತಲೆ ಬಗ್ಗಿಸಿ ಸುಮ್ಮನೆ ನಿಂತಿದ್ದಾರೆ, ಮಾತು ನಡೆದೇ ಇದೆ. ಎರಡು ಯಂತ್ರಗಳ ನಡುವೆ ಸ್ವಲ್ಪ ಜಾರುವುದು ಮಾಮೂಲಿ. ನಿಮ್ಮ ರೆಕಾರ್ಡರು ಅಷ್ಟು ಜಾರುವುದಿಲ್ಲ. ಯಾರೋ ಜಾರಿಸಿದ್ದಾರೆ ಎಂದು ಗೊತ್ತಾಯಿತು. ಅವತ್ತೇ ಕುಗ್ಗಿಸಿ ಸರಿಮಾಡಿ ಇಟ್ಟೆ. ನೀವಾಗಿ ಹೇಳುತ್ತೀರೋ ಇಲ್ಲವೋ ನೋಡೋಣವೆಂದು ಆ ಕಾಗದ ಬರೆದೆ. ಬೇಜಾರಾಗಿತ್ತು. ನೀವು ಹೇಳಿದಿರಿ, ಬೇಜಾರು ಹೋಯಿತು.

ಈಗ ನಾನು ಮಾಡಿದ್ದನ್ನು ಕೇಳಿ.

24ರ ಬೆಳಿಗ್ಗೆ ಒಮ್ಮೆ ಪೂರ್ತಿ ಓಡಿಸಿ ನೋಡೋಣವೆಂದು ಕೂತೆ. ಕೊನೆಯಲ್ಲಿ ನನ್ನ ಹೆಸರಿರಲಿಲ್ಲ. ‘ಚಿತ್ರ, ಶಬ್ದ, ಸಂಕಲನ’ ಎಂದು ಬರೆದು ಮುಂದೆ ಅಪ್ಪನ ಹೆಸರೊಂದೇ. ಕೇಳಿದೆ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, “ಒಂದೇ ಮನೆ ತಾನೇ, ಯಾರ ಹೆಸರಿದ್ದರೇನು? ದೊಡ್ಡವರೆಲ್ಲ ಬರ್ತಾರೆ, ನಿನ್ನ ಹೆಸರು ನೋಡಿದ್ರೆ ಮಕ್ಕಳಾಟ ಅಂದುಕೊಳ್ತಾರೆ” ಎಂದರು. “ಬ್ಯಾಂಕಿನವರು ಮತ್ತೆ ಫೋನ್ ಮಾಡಿದ್ರು ನೋಡು” ಎಂದೂ ಅಂದರು.

ನಾನು “ಸರಿ ಅಪ್ಪ” ಅಂದೆ. ಒಳಗೆ ಹೋಗಿ ನಿಮ್ಮ ಜಾರಿಸಿದ ದನಿಯನ್ನೇ ಮತ್ತೆ ಕೂರಿಸಿದೆ. ಅಜ್ಜ ಅವತ್ತು ಬರುವುದಿಲ್ಲ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ.

ಎಲ್ಲರೂ ಬಂದರು. ಅಪ್ಪ ಮೊದಲ ಮಾತುಗಳನ್ನು ನೋಡಿ ತಲೆಯಾಡಿಸಿ, ನೀವು ಹೇಳಿದ ಹಾಗೆಯೇ, ಚಹಾಕ್ಕೆ ಹೇಳಿ ಬರಲು ಹೊರಗೆ ಹೋದರು. ವಾಪಸು ಬಂದಾಗ ಕೊನೆಯ ಅಂಕ. ಅಜ್ಜ ಬಾಯಿ ತೆರೆದಾಗ ದನಿ ಇಲ್ಲ, ಮುಚ್ಚಿದ ಮೇಲೆ ದನಿ. ಆಮೇಲೆ ಅಪ್ಪನ ಹೆಸರು ಬಂತು, ದೊಡ್ಡದಾಗಿ.

ಅಜ್ಜನ ಮಗಳು ಅಪ್ಪನ ಕಡೆ ತಿರುಗಿ, “ಸೌಂಡ್ ನೀವೇ ಮಾಡಿದ್ದಾ?” ಎಂದು ಕೇಳಿದರು. ಅಪ್ಪನ ಕೈಯಲ್ಲಿ ಬಿಸ್ಕತ್ತಿನ ತಟ್ಟೆ. ‘ಹೌದು’ ಎನ್ನುವ ಹಾಗಿಲ್ಲ, ‘ಇಲ್ಲ’ ಎನ್ನುವ ಹಾಗಿಲ್ಲ. “ಬಿಸ್ಕತ್ ತಗೊಳ್ಳಿ” ಅಂದರು.

ಸಂಘದ ಹಿರಿಯರೊಬ್ಬರು ಎದ್ದು, “ನಮ್ಮ ಯಜಮಾನ್ರು ಮಾತು ಕಳ್ಕೊಂಡಿದ್ದು ಸಾಲದು ಅಂತ ನೀವೂ ಒಂದು ಕೈ ಹಾಕಿದ್ರಾ?” ಎಂದು ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟರು.

ಎಲ್ಲರೂ ಹೋದ ಮೇಲೆ ಅಪ್ಪ ಓಣಿಯಲ್ಲಿ ನನ್ನನ್ನು ತಡೆದರು. “ನಿಜ ಹೇಳು, ಈ ದನಿ ಎಲ್ಲಿಂದ ತಂದೆ?”

“ದೊಡ್ಡಮ್ಮನ ಹತ್ತಿರದಿಂದ.”

ಅಪ್ಪನ ಮುಖದ ಬಣ್ಣ ಇಳಿದದ್ದು ನೀವು ನೋಡಬೇಕಿತ್ತು. “ಸರಿಮಾಡು,” ಅಂದರು.

“ನನಗೆ ಬರೋದಿಲ್ಲಪ್ಪ, ನನ್ನದು ಮಕ್ಕಳಾಟ. ಸರಿಯಾದ ದನಿ ದೊಡ್ಡಮ್ಮನ ಹತ್ತಿರ ಮಾತ್ರ ಇರೋದು. ನೀವೇ ಹೋಗಿ ಕೇಳಿ.”

ನೀವು ಕಳಿಸಿದ ಸರಿಯಾದ ಕಾರ್ಡು ನನ್ನ ಮೇಜಿನ ಖಾನೆಯಲ್ಲಿದೆ, ಬೀಗದ ಕೈ ನನ್ನ ಕೊರಳಲ್ಲಿದೆ. ಅಪ್ಪ ಈ ವಾರ ನಿಮ್ಮ ಬಾಗಿಲಿಗೆ ಬರುತ್ತಾರೆ. ಸಿಟ್ಟು ಇಡಲು ಜಾಗ ಬೇಕು ಎಂದಿದ್ದಿರಲ್ಲ.

ಚೂಟಿ


ಆಗಸ್ಟ್ 6

ಚೂಟಿ,

ನಿನ್ನನ್ನು ಪಾಪದ ಹುಡುಗಿ ಎಂದುಕೊಂಡಿದ್ದೆ. ಪಾಪದವಳಲ್ಲ, ಸದ್ಯ.

ನಿಮ್ಮಪ್ಪ ಬಂದಿದ್ದ. ಬಾಗಿಲು ತೆರೆದರೆ ಕೈಯಲ್ಲಿ ಒಂದು ದೊಡ್ಡ ಡಬ್ಬ. “ಹೊಸ ಮೈಕ್ ಅತ್ತಿಗೆ, ನಿಮಗೇ ಅಂತ ತಂದೆ.”

“ಯಾಕಪ್ಪ? ಈಗ ಕ್ಯಾಮೆರಾದಲ್ಲೇ ಮೈಕ್ ಇರುತ್ತಲ್ಲ,” ಅಂದೆ. ಡಬ್ಬವನ್ನು ಚಪ್ಪಲಿಗಳ ಪಕ್ಕ ಇಟ್ಟು ಒಳಗೆ ಬಂದ.

ಕೂತ, ನೀರು ಕುಡಿದ, ನನ್ನ ಮಂಡಿ ವಿಚಾರಿಸಿದ, ಕಿಟಕಿಯ ಹೊಸ ಬಣ್ಣ ಚೆನ್ನಾಗಿದೆ ಎಂದ. ಬಣ್ಣ ಹಳೆಯದು. ನಾನು ಬೆಣ್ಣೆ ಹಚ್ಚಿಸಿಕೊಳ್ಳುತ್ತಾ ಸುಮ್ಮನೆ ಕೂತಿದ್ದೆ. ಕಡೆಗೆ ವಿಷಯಕ್ಕೆ ಬಂದ. “ಆ ದನಿ ಎಲ್ಲೋ ಸ್ವಲ್ಪ ಎಡವಟ್ಟಾಗಿದೆ ಅತ್ತಿಗೆ. ನಿಮ್ಮ ಹತ್ತಿರ ಇನ್ನೊಂದು ಪ್ರತಿ ಇದೆಯಂತಲ್ಲ.”

“ಇದೆ. ಕೊಡ್ತೀನಿ. ಮೊದಲು ಬಾ ಇಲ್ಲಿ ಕೂತ್ಕೋ.”

ನನ್ನ ಕೆಲಸದ ಕೋಣೆಯಲ್ಲಿ, ಕಂಬಳಿ ತೂಗುಹಾಕಿದ ಮೂಲೆಯ ಕುರ್ಚಿಯಲ್ಲಿ ಕೂರಿಸಿದೆ. ಮುಖದ ಮುಂದೆ ಮೈಕು ಇಟ್ಟೆ, ನಾನು ಹೆಡ್‌ಫೋನು ಹಾಕಿಕೊಂಡೆ, ರೆಕಾರ್ಡರಿನ ಗುಂಡಿ ಒತ್ತಿದೆ. ಕೆಂಪು ದೀಪ ನೋಡಿ ಅವನು ಕುರ್ಚಿ ಹಿಂದಕ್ಕೆ ಸರಿಸಿದ.

“ಏನತ್ತಿಗೆ ಇದು?”

“ಏನಿಲ್ಲ. ನೀನು ಮಾಡಿದ್ದನ್ನು ನಿನ್ನ ಬಾಯಲ್ಲೇ ಹೇಳು. ಚಿತ್ರ ಬೇಡ, ಸೌಂಡು ಸಾಕು.”

“ತಪ್ಪಾಯ್ತು ಅತ್ತಿಗೆ.”

“ಯಾವ ತಪ್ಪು? ಬಿಡಿಸಿ ಹೇಳು. ಮೈಕಿಗೆ ಹತ್ತಿರ ಬಾ, ಕೇಳಿಸ್ತಿಲ್ಲ.”

“ಡಿಸ್ಕು ಅಳಿಸಿದ್ದು.”

“ಏನಿತ್ತು ಅದರಲ್ಲಿ?”

ಹೆಡ್‌ಫೋನಿನಲ್ಲಿ ಅವನು ಎಂಜಲು ನುಂಗಿದ್ದು ಕೇಳಿಸುತ್ತಿತ್ತು. “ಅಣ್ಣನ ದನಿ.”

“ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

ನೀನು ‘ಗೊತ್ತಿರಲಿಕ್ಕಿಲ್ಲ, ಕೇಳದೆ ಅಳಿಸಿರುತ್ತಾರೆ’ ಎಂದು ಬರೆದಿದ್ದೆ ಚೂಟಿ. ಅವನು ಕೇಳಿದ್ದ. ಅಣ್ಣ ಹೋದ ಮೇಲೆ ಒಂದು ಸಂಜೆ ಒಬ್ಬನೇ ಕೂತು ಆ ಡಿಸ್ಕುಗಳನ್ನು ಕೇಳುತ್ತಿದ್ದನಂತೆ. ಅಳುತ್ತಲೇ ಕೇಳುತ್ತಿದ್ದನಂತೆ. ಒಂದರ ಬಾಲದಲ್ಲಿ ನಿಮ್ಮ ದೊಡ್ಡಪ್ಪ ನನಗೆ ಹೇಳುತ್ತಿದ್ದರಂತೆ, “ಇವನ ಕೈಗೆ ಮಾತ್ರ ಕ್ಯಾಮೆರಾ ಕೊಡಬಾರದಮ್ಮ, ಮದುಮಗನ ಮುಖ ಬಿಟ್ಟು ಟೊಪ್ಪಿಗೆ ಹಿಡೀತಾನೆ.” ಅದಕ್ಕೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನಂತೆ. “ನೀವಿಬ್ಬರೂ ನನ್ನ ಬೆನ್ನ ಹಿಂದೆ ಇಷ್ಟು ವರ್ಷ ನಗ್ತಾ ಇದ್ರಿ,” ಅಂದ. “ಒಂದೊಂದೇ ಡಿಸ್ಕು ತೆಗೆದು ಅಳಿಸಿದೆ. ಜಾಗಕ್ಕಲ್ಲ ಅತ್ತಿಗೆ.” ಹೇಳಿ ಮಗುವಿನ ಹಾಗೆ ಮೂಗು ಸೊರ್ರನೆ ಎಳೆದುಕೊಂಡ.

ಅವರು ಹಾಗೆ ಅಂದದ್ದೂ ನಾನು ನಕ್ಕದ್ದೂ ನನಗೆ ಚೆನ್ನಾಗಿ ನೆನಪಾಯಿತು. ಆದರೆ ಟೊಪ್ಪಿಗೆ ಹಿಡಿಯುತ್ತಿದ್ದದ್ದು ನಿಜ. ಒಂದು ತಮಾಷೆಗೆ ಒಬ್ಬ ಮನುಷ್ಯನನ್ನೇ ಪೂರ್ತಿ ಒರೆಸಿಹಾಕುತ್ತಾರೇನು? ಕನಿಕರ ಬಾಗಿಲವರೆಗೆ ಬಂತು. ಒಳಗೆ ಬಾ ಎನ್ನಲಿಲ್ಲ.

“ಇನ್ನೂ ಎರಡು ಮಾತಿದೆ,” ಅಂದೆ. “ಈ ಚಿತ್ರದ ಕೊನೆಯಲ್ಲಿ ಶಬ್ದ ಅಂತ ನನ್ನ ಹೆಸರು, ಜೋಡಣೆ ಅಂತ ನಿನ್ನ ಮಗಳ ಹೆಸರು. ಮಾತು ಕೊಟ್ಟ ಹಾಗೆ ಸ್ಟುಡಿಯೋ ಅವಳ ಕೈಗೆ. ಅದನ್ನೂ ಹೇಳು, ದೊಡ್ಡದಾಗಿ ಹೇಳು.” ಹೇಳಿದ. ನನ್ನನ್ನು ಇನ್ನು ಬರಬೇಡಿ ಎಂದದ್ದನ್ನೂ, ಈಗ ಬನ್ನಿ ಎನ್ನುವುದನ್ನೂ ಹೇಳಿಸಿದೆ. ಕಾರ್ಡು ಕೊಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು, “ಅದನ್ನ ಯಾರಿಗೂ ಕೇಳಿಸಬೇಡಿ ಅತ್ತಿಗೆ,” ಎಂದ.

“ನೀನು ಹೇಳಿದ ಹಾಗೆ ನಡಕೊಂಡ್ರೆ ಯಾಕೆ ಕೇಳಿಸಲಿ?”

ಈಗ ನಿನಗೊಬ್ಬಳಿಗೇ ಹೇಳುವ ಮಾತು. ನನ್ನ ಈ ರೆಕಾರ್ಡರು ಗುಂಡಿ ಒಮ್ಮೆ ಒತ್ತಿದರೆ ಕೆಂಪು ದೀಪ ಮಿಣುಕಿಸುತ್ತಾ ಸಿದ್ಧವಾಗಿ ನಿಲ್ಲುತ್ತದೆ, ಅಷ್ಟೆ. ಎರಡನೆಯ ಸಲ ಒತ್ತಿದರೆ ಮಾತ್ರ ದನಿ ಹಿಡಿಯುತ್ತದೆ. ಇಷ್ಟು ವರ್ಷ ಸ್ಟುಡಿಯೋ ನಡೆಸಿದವನಿಗೆ ಅದೂ ಗೊತ್ತಿಲ್ಲ. ನಾನು ಒಮ್ಮೆಯೇ ಒತ್ತಿದ್ದೆ. ಅವನ ಅಳು ನನಗೆ ಯಾಕೆ? ಕೇಳಬೇಕೆಂದರೆ ಕೇಳಲು ನನಗೆ ಬೇಕಾಗಿದ್ದ ದನಿ ಬೇರೆ.

ಆದರೆ ಇದೆ ಎಂದು ಅವನು ನಂಬಿಕೊಂಡಿರಲಿ. ಏನೂ ಇಲ್ಲ ಎಂದು ತಿಳಿದು ನಾನು ಮಲಗುತ್ತೇನೆ, ಎಲ್ಲವೂ ಇದೆ ಎಂದು ತಿಳಿದು ಅವನು ಮಲಗಲಿ.

ದೊಡ್ಡಮ್ಮ


ಆಗಸ್ಟ್ 30

ದೊಡ್ಡಮ್ಮ,

ನೀವು ಬರುತ್ತೀರೆಂದು ಕೊನೆಯವರೆಗೂ ಬಾಗಿಲು ನೋಡುತ್ತಿದ್ದೆ. ಆ ಮಂಡಿಗೆ ಏನಾದರೂ ಮಾಡಿ. ಸೋಮವಾರದಿಂದ ನಿಮ್ಮ ಕುರ್ಚಿ ಇಲ್ಲಿ ಕಾಯುತ್ತಿರುತ್ತದೆ.

ಇಲ್ಲಿನ ಸಭಾಂಗಣ ತುಂಬಿತ್ತು. ಅಜ್ಜ ಮುಂದಿನ ಸಾಲಿನಲ್ಲಿದ್ದರು, ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದೆ. ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೆ ಅವರ ತುಟಿ ಅಲುಗಲು ತೊಡಗಿತು. ದನಿ ಇಲ್ಲ, ಬರೀ ತುಟಿ. ಪರದೆಯ ಮೇಲಿನ ಅಜ್ಜ, ಕುರ್ಚಿಯ ಅಜ್ಜ, ನೀವು ಹಿಡಿದ ದನಿ, ಮೂರೂ ಕೊನೆಯ ಮಾತಿನವರೆಗೂ ಜೊತೆಜೊತೆಗೇ ಹೋದವು. ಚಪ್ಪಾಳೆ ಬಿದ್ದಾಗ ಅವರು ಎಡಗೈಯಿಂದ ನನ್ನ ತಲೆ ಮುಟ್ಟಿದರು. ಅದರಲ್ಲಿ ಅರ್ಧ ನಿಮ್ಮದು.

ಕೊನೆಯಲ್ಲಿ ನಿಮ್ಮ ಹೆಸರು, ಅದರ ಕೆಳಗೆ ನನ್ನದು. ಅಪ್ಪ ಬಾಗಿಲ ಬಳಿ ನಿಂತು ಪೂರ್ತಿ ನೋಡಿದರು. ಚಹಾಕ್ಕೆ ಹೋಗಲಿಲ್ಲ.

ಸ್ಟುಡಿಯೋದ ಬೀಗದ ಕೈ ಕೊಟ್ಟಿದ್ದಾರೆ. ನನ್ನ ಮೇಲೆ ಈಗ ದನಿ ಏರಿಸುವುದಿಲ್ಲ. ಆದರೆ ಎರಡು ದಿನಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. ನಿನ್ನೆಯೂ ಬಂದರು. ವೈರು ಸುತ್ತುತ್ತಾ, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು, “ಅವತ್ತು ನಿಮ್ಮ ದೊಡ್ಡಮ್ಮ ರೆಕಾರ್ಡ್ ಮಾಡಿಕೊಂಡ್ರಲ್ಲ, ಅದು ಇನ್ನೂ ಇದೆಯಂತಾ?”

“ಅವರು ಯಾವುದನ್ನೂ ಅಳಿಸೋದಿಲ್ಲಪ್ಪ,” ಅಂದೆ.

ಚೂಟಿ